ಅಪ್ಪನ ಗಾಂಧಾರ

"ಕೈ ತೆಗೀರಿ! ಯಾರ್ರೀ ನೀವು, ನಮ್ ಪೆಟ್ಟಿಗೆ ಮುಟ್ಟಕ್ಕೆ?"

ಹಿಂದೂಪುರದ ಆ ಕಲ್ಯಾಣ ಮಂಟಪದಲ್ಲಿ ನಲವತ್ತು ಹಾರ್ಮೋನಿಯಂಗಳು ಒಟ್ಟಿಗೆ ಕೂಗುತ್ತಿದ್ದವು. ಶಿವಗಂಗಾಳ ಒಂದೇ ಕೂಗಿಗೆ ಅವುಗಳಲ್ಲಿ ಅರ್ಧ ತಟ್ಟನೆ ಬಾಯಿ ಮುಚ್ಚಿದವು!

ಅವಳ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಿದ್ದವನು ಎರಡೂ ಕೈ ಮೇಲೆತ್ತಿದ. ಸಿಕ್ಕಿಬಿದ್ದ ಕಳ್ಳನ ಹಾಗೆ. ಆದರೆ ಕಳ್ಳನ ಕಣ್ಣು ಅಷ್ಟು ಮೆತ್ತಗಿರುವುದುಂಟೇ?

"ತಿದಿ ಹರ್ದೋಗೈತೆ ಮೇಡಂ... ಗಾಳಿ ಸೋರೋ ಸದ್ದು ಆ ಮೂಲೆಗಂಟ ಕೇಳಿಸ್ತು. ತಡ್ಕಳಕ್ಕಾಗ್ಲಿಲ್ಲ, ಬಂದ್ಬುಟ್ಟೆ."

ನಿಜವೇ. ಬಸ್ಸಿನಿಂದ ಇಳಿಯುವಾಗ ಯಾರದೋ ಟ್ರಂಕು ಬಡಿದು, ಗಾಳಿ ಊದುವ ತಿದಿಯ ಬಟ್ಟೆ ಸೀಳಿತ್ತು. ಎಷ್ಟು ಒತ್ತಿದರೂ ಬರುತ್ತಿದ್ದುದು ಬರೀ ಉಬ್ಬಸ. ಏನು ಮಾಡಬೇಕೆಂದು ತೋಚದೆ ಅವಳು ನೀರು ಕುಡಿಯಲು ಹೋಗಿದ್ದಳು, ಅಷ್ಟರಲ್ಲಿ ಇವನು!

ಮೇಳ ಕರೆದಿದ್ದ ಸೋಮಶೇಖರಪ್ಪ ಮೇಷ್ಟ್ರು ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದರು. "ಏಮ್ಮಾ ಗಂಗಾ, ಭೀಮೇಶ್ ಕಣಮ್ಮ ಇವ್ನು, ಪರಿಗಿ ಊರೋನು, ಅಂಗಡಿ ಇಲ್ಲೇ. ಈ ಸುತ್ತಿನಾಗೆ ಪೆಟ್ಟಿಗೆ ರಿಪೇರಿ ಅಂದ್ರೆ ಇವ್ನೇ. ಕೊಡು, ಭಯ ಬ್ಯಾಡ."

ಕೊಡದೆ ಬೇರೆ ದಾರಿ ಎಲ್ಲಿತ್ತು? ಮರುದಿನ ಎಲ್ಲರ ಮುಂದೆ ಅವಳು ನುಡಿಸಬೇಕಿತ್ತು.

"ತಿದಿ ಒಂದು ಹೊಲಿದ್ ಕೊಡಿ," ಎಂದಳು ಮೆಲ್ಲಗೆ. "ಜ್ವಾಕೆ... ಅಪ್ಪಂದು ಅದು."

"ನಮ್ ಮನೇದು ಅನ್ಕೊಂಡೇ ಮಾಡ್ತೀನಿ," ಎಂದ ಅವನು.

ಅವನು ಪೆಟ್ಟಿಗೆಗೆ ಕೈ ಮುಗಿದು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದ. ಶಿವಗಂಗಾ ಅವನ ಬೆನ್ನನ್ನೇ ನೋಡುತ್ತ ನಿಂತಳು. ಎದೆ ಯಾಕೋ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಪೆಟ್ಟಿಗೆಯ ಚಿಂತೆ ಎಂದು ತನಗೆ ತಾನೇ ಹೇಳಿಕೊಂಡಳು. ಪಾಪ!

ಆ ಪೆಟ್ಟಿಗೆ ಎಂದರೆ ಅವಳಿಗೇನೆಂದು ಹೇಳಿಬಿಡುತ್ತೇನೆ.

ಅವಳ ಅಪ್ಪ ಕಲ್ಯಾಣದುರ್ಗದ ಗಿರಿಯಪ್ಪ ಮೇಷ್ಟ್ರು ಎಂದರೆ ಕುಂದುರ್ಪಿಯಿಂದ ಬ್ರಹ್ಮಸಮುದ್ರದವರೆಗೆ ಗೊತ್ತಿಲ್ಲದವರಿಲ್ಲ. ನಲವತ್ತು ವರ್ಷ ಊರೂರಿಗೆ ಹೋಗಿ ಭಜನೆ, ನಾಟಕ ಕಲಿಸಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು, ಗುರುತೂ ಹೋಯಿತು. ತಾಯಿಯಿಲ್ಲದ ಒಬ್ಬಳೇ ಮಗಳು ಎದುರು ನಿಂತರೂ ಅವರ ಕಣ್ಣು ಗೋಡೆ ನೋಡಿದ ಹಾಗೇ ನೋಡುತ್ತಿತ್ತು.

ಉಳಿದದ್ದು ಒಂದೇ. ಝೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಅವಳು ಮಂಚದ ಪಕ್ಕ ಕುಳಿತು, ಅದೇ ಪೆಟ್ಟಿಗೆಯಲ್ಲಿ ಅಪ್ಪ ಕಟ್ಟಿದ ಪದ ನುಡಿಸುತ್ತಿದ್ದಳು. ಸ್ವರ ಗಾಂಧಾರಕ್ಕೆ ಬಂದು ನಿಂತ ಕೂಡಲೇ ಅಪ್ಪ "ಊಂ..." ಎನ್ನುತ್ತಿದ್ದರು.

ಅಷ್ಟೇ. ಒಂದು "ಊಂ". ಅದನ್ನು ಕೇಳಿದರೇನೇ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಮೇಳಕ್ಕೆ ಬರಲು ಅವಳಿಗೆ ಮನಸ್ಸಿರಲಿಲ್ಲ. "ಗಿರಿಯಪ್ಪನ ಪೆಟ್ಟಿಗೆ ಇಲ್ದೆ ಪೆಟ್ಟಿಗೆ ಮೇಳ ಏನ್ ಚಂದ ಕಣಮ್ಮ? ಎರಡೇ ದಿನ!" ಎಂದು ಸೋಮಶೇಖರಪ್ಪ ಹಟ ಹಿಡಿದರು. ಅಪ್ಪನನ್ನು ಸೋದರತ್ತೆ ರಂಗಲಕ್ಷ್ಮಮ್ಮನಿಗೆ ಒಪ್ಪಿಸಿ ಹೊರಟು ಬಂದಿದ್ದಳು.

ಸಂಜೆ ಭೀಮೇಶ್ ಪೆಟ್ಟಿಗೆ ತಂದ. ಒಂದು ಕೈಯಲ್ಲಿ ಮಂಡಕ್ಕಿ ಉಗ್ಗಾಣಿ, ಬಜ್ಜಿಯ ಪೊಟ್ಟಣ ಬೇರೆ!

"ಮಧ್ಯಾಹ್ನ ನೀವು ಉಣ್ಲಿಲ್ಲ," ಎಂದ, ಅವಳ ಮುಖ ನೋಡದೆ.

"ನೀವು ರಿಪೇರಿ ಮಾಡ್ತಿದ್ರಾ, ನನ್ನ ನೋಡ್ತಿದ್ರಾ?"

ಅವನ ಕಿವಿ ಕೆಂಪಾಯಿತು. ಅವಳು ನಕ್ಕಳು. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ!

ಭಾನುವಾರ ಅವಳು ನುಡಿಸಿದಳು. ಅಪ್ಪನ ಪದ. ಆ ಪೆಟ್ಟಿಗೆ ಅಷ್ಟು ಇಂಪಾಗಿ ನುಡಿದದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಿಕ್ಕ ಪೆಟ್ಟಿಗೆಗಳೆಲ್ಲ ಜೊತೆಗೂಡಿದಾಗ ನಲವತ್ತೂ ಒಂದೇ ಉಸಿರಾದವು. ಚಪ್ಪಾಳೆ ನಿಲ್ಲಲೇ ಇಲ್ಲ. ಅವಳ ಕಣ್ಣು ಹುಡುಕಿದ್ದು ಒಬ್ಬನನ್ನೇ. ಅವನು ಕಂಬಕ್ಕೆ ಒರಗಿ ನಿಂತಿದ್ದ, ಕಣ್ಣು ಒರೆಸಿಕೊಳ್ಳುತ್ತ.

ಬಸ್ಸು ಹತ್ತಿಸುವಾಗ ಭೀಮೇಶ್ ನಂಬರ್ ಬರೆದ ಚೀಟಿ ಕೊಟ್ಟು ಕೇಳಿದ, "ತಿದಿ ಹೆಂಗೈತೆ ಅಂತ ಒಂದ್ ಫೋನ್ ಮಾಡ್ತೀರಾ?"

"ತಿದಿ ಬಗ್ಗೆ ಮಾತ್ರಾನಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಹೊರಟಿತು. ದಾರಿಯುದ್ದಕ್ಕೂ ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮಸುಮ್ಮನೆ ನಗುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮಂಚದ ಪಕ್ಕ ಕುಳಿತು ನುಡಿಸಿದಳು. ಗಾಂಧಾರಕ್ಕೆ ಬಂದಳು. ನಿಂತಳು.

ಅಪ್ಪ "ಊಂ" ಎನ್ನಲಿಲ್ಲ.

ಮತ್ತೆ ನುಡಿಸಿದಳು. ಅಪ್ಪ ನಿಧಾನವಾಗಿ ಮುಖವನ್ನು ಗೋಡೆ ಕಡೆ ತಿರುಗಿಸಿದರು.

"ನಿದ್ದೆ ಸಾಲ್ದೇನೋ ಬುಡೇ," ಎಂದರು ರಂಗಲಕ್ಷ್ಮಮ್ಮ.

ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ... ಗುರುವಾರ ಅವಳು ಕಣ್ಣು ಮುಚ್ಚಿ ಒಂದೊಂದೇ ಸ್ವರದ ಮನೆ ಒತ್ತಿ ಕೇಳಿದಳು. ಸ, ರಿ... ಗಾಂಧಾರವನ್ನು ಎರಡು ಸಲ ಒತ್ತಿದಳು.

ಆ ಸ್ವರ ನೆಟ್ಟಗೆ ನಿಂತಿತ್ತು!

ಅಪ್ಪನ ಗಂಟಲಿನ ಗಾಂಧಾರ ಎಲ್ಲರಿಗಿಂತ ಒಂದು ಕೂದಲೆಳೆ ತಗ್ಗು. ಅದಕ್ಕೇ ಅವರು ಹರೆಯದಲ್ಲೇ ಆ ಸ್ವರ ಹೊರಡಿಸುವ ರೀಡಿನ ಹಿತ್ತಾಳೆ ನಾಲಗೆಯನ್ನು ತಾವೇ ಕೆರೆದು ತಗ್ಗಿಸಿಕೊಂಡಿದ್ದರು. "ನನ್ ಗಂಟ್ಲಿಗೆ ತಕ್ಕಂಗೆ ಪೆಟ್ಟಿಗೆ ಕಣಮ್ಮ, ಪೆಟ್ಟಿಗೆಗೆ ತಕ್ಕಂಗೆ ಗಂಟ್ಲು ಎಲ್ಲಿಂದ ತರ್ಲಿ?" ಎಂದು ನಗುತ್ತಿದ್ದರು. ಅಪ್ಪನಿಗೆ ತಮ್ಮದೆಂದು ಗೊತ್ತಿದ್ದುದು ಆ ಸ್ವರ ಒಂದೇ. ಅದನ್ನೂ ಯಾರೋ ಸರಿಮಾಡಿಬಿಟ್ಟಿದ್ದರು.

ಭೀಮೇಶನಿಗೆ ಫೋನ್ ಮಾಡಿದಳು.

"ತಿದಿ ಹೆಂಗೈತೆ?" ಅವನ ದನಿಯಲ್ಲಿ ಹಬ್ಬವಿತ್ತು.

"ಗಾಂಧಾರ ಮುಟ್ಟಿದ್ರಾ?"

"ಹ್ಞೂಂ... ಒಂಚೂರು ಇಳ್ದಿತ್ತು. ಪೆಟ್ಟಿಗೆ ಬಿಚ್ಚಿದ್ಮೇಲೆ ಶ್ರುತಿ ಸೇರಿಸ್ದೆ ಮುಚ್ಚಬಾರ್ದು ಅನ್ನೋದು ನಮ್ ಕಸುಬಿನ ನೇಮ. ಸರಿ ಮಾಡ್ದೆ."

"ನಂಗೆ ಯಾಕ್ ಹೇಳ್ಲಿಲ್ಲ?"

"ಅಷ್ಟು ದೊಡ್ಡ ಮೇಷ್ಟ್ರ ಪೆಟ್ಟಿಗೆಯಾಗೆ ಅಪಶ್ರುತಿ ಇತ್ತು ಅಂತ ಮಗಳ ಮುಂದೆ ಹೆಂಗ್ ಹೇಳ್ಲಿ?"

ಅವಳು ಎಲ್ಲವನ್ನೂ ಹೇಳಿದಳು. ಅತ್ತಳು, ಕೂಗಾಡಿದಳು. 

"ಮೊದ್ಲು ಎಷ್ಟು ತಗ್ಗಿತ್ತು? ಅದನ್ನಾದ್ರೂ ಹೇಳಿ!"

"ಅಳತೆ... ನೋಡ್ಕೊಳ್ಲಿಲ್ಲ." ಅವನ ದನಿ ಒಡೆಯಿತು. "ಫೋನಾಗೆ ರೆಕಾರ್ಡ್ ಏನಾದ್ರೂ ಐತಾ?"

"ದಿನಾ ಕೇಳೋದನ್ನ ಯಾರಾದ್ರೂ ರೆಕಾರ್ಡ್ ಮಾಡ್ತಾರಾ ರೀ?"

ಫೋನ್ ಇಟ್ಟಳು. ಅವನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೆ ಅದರ ಎರಡರಷ್ಟು. ಭಾನುವಾರ ಆ ಸ್ವರವನ್ನು ಇಂಪು ಎಂದುಕೊಂಡವಳು ತಾನೇ ಅಲ್ಲವೇ? ಚಪ್ಪಾಳೆ ಕೇಳಿ ಹಿಗ್ಗಿದವಳು ತಾನೇ ಅಲ್ಲವೇ? ಅಪ್ಪ ಹೋಗಿಬಿಟ್ಟರು ಎಂದು ಅನಿಸತೊಡಗಿತು... ಉಸಿರು ಮಾತ್ರ ಮಂಚದ ಮೇಲಿತ್ತು.

ಬಂದ ಭಾನುವಾರ ಬಾಗಿಲು ತೆಗೆದರೆ, ರಿಪೇರಿ ಸಾಮಾನಿನ ಚೀಲ ಹಿಡಿದು ಭೀಮೇಶ್ ನಿಂತಿದ್ದ! ಹಿಂದೂಪುರದಿಂದ ಮೊದಲ ಬಸ್ಸು ಹಿಡಿದು, ನಡುವೆ ಇನ್ನೊಂದು ಬಸ್ಸು ಬದಲಾಯಿಸಿ ಬಂದಿದ್ದ.

"ಬೈರಿ, ಹೊಡೀರಿ. ಆದ್ರೆ ಒಂದ್ಸಲ ಪೆಟ್ಟಿಗೆ ಕೊಡಿ."

"ಗಣಪತಿ ಮಾಡಕ್ ಹೋಗಿ ಅವರಪ್ಪನ್ನ ಮಾಡಿಟ್ಟ ಗಂಡು ಇದೇನಾ?" ಎಂದರು ರಂಗಲಕ್ಷ್ಮಮ್ಮ ಒಳಗಿನಿಂದ. ಆದರೂ ಕಾಫಿಗೆ ನೀರಿಟ್ಟರು.

ಅವನು ಮಂಚದ ಪಕ್ಕ ಕುಳಿತ. ಸಣ್ಣ ಅರದಿಂದ ರೀಡಿನ ಬುಡವನ್ನು ಒಂದು ಗೀಟು ಕೆರೆದ. ಸ್ವರ ಒಂದು ಎಳೆ ಇಳಿಯಿತು. ಅವಳು ನುಡಿಸಿದಳು. ಇಬ್ಬರೂ ಅಪ್ಪನ ಮುಖ ನೋಡಿದರು. ಇಲ್ಲ. ಇನ್ನೊಂದು ಗೀಟು, ಮತ್ತೆ ನುಡಿ, ಮತ್ತೆ ಮುಖ. ಇಲ್ಲ. ಅವಳ ಕಿವಿಗೂ ಯಾವುದು ಹಳೆಯದು, ಯಾವುದು ಹೊಸದು ಎಂಬುದೇ ಕಲಸಿಹೋಯಿತು.

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಕೆಲಸ ಮುಗಿದ ಮೇಲೂ ಅವನು ಎದ್ದು ಹೋಗುತ್ತಿರಲಿಲ್ಲ. ಅಪ್ಪನನ್ನು ಮಗ್ಗುಲು ಬದಲಾಯಿಸಲು ಕೈ ಕೊಟ್ಟ. ಮೂರನೇ ವಾರ ಅವರ ಗಡ್ಡ ಕೆರೆದ, ಗಲ್ಲ ಹಿಡಿದು, "ಅಲ್ಲಾಡ್ಬೇಡ ಕಣಪ್ಪೋ, ಇನ್ನೇನ್ ಆಗೋಯ್ತು" ಎಂದು ಮಾತಾಡಿಸುತ್ತ. ಬಾಗಿಲ ಸಂದಿಯಿಂದ ಅದನ್ನು ನೋಡಿದ ಶಿವಗಂಗಾ ಸೆರಗು ಬಾಯಿಗಿಟ್ಟುಕೊಂಡಳು. ಯಾರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಕೋ ಅವನ ಮೇಲೇ ಮನಸ್ಸು ಹೋಗುತ್ತಿದೆಯಲ್ಲ... ನುಂಗಲೂ ಆಗದು, ಉಗುಳಲೂ ಆಗದು!

ಐದನೇ ಭಾನುವಾರ ಅವನು ಅರ ಕೆಳಗಿಟ್ಟ.

"ರೀಡು ಎಲೆಯಂಗೆ ತೆಳ್ಳಗಾಗೈತೆ ಗಂಗಾ ಅವ್ರೇ. ಇನ್ನೊಂದ್ ಗೀಟು ಹಾಕಿದ್ರೆ ಮುರ್ದೋಯ್ತದೆ. ಬೇರೆ ರೀಡು ಹಾಕಿದ್ರೆ ಅದು ಮೇಷ್ಟ್ರದಾಗಲ್ಲ." ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ. "ನನ್ ಕೈಲಿ ಆಗ್ಲಿಲ್ಲ."

ಅಪ್ಪ ಸೂರು ನೋಡುತ್ತಿದ್ದರು.

"ಇನ್ ಬರ್ಬೇಡಿ," ಎಂದಳು ಶಿವಗಂಗಾ.

ಅವನು ತಲೆಯೆತ್ತಿದ. ಅವಳು ಮುಖ ತಿರುಗಿಸಿಕೊಂಡಳು. ಪ್ರತಿ ಭಾನುವಾರ ಅಪ್ಪನ ಮುಂದೆ ಅವನು ಭಿಕ್ಷೆ ಬೇಡುವವನಂತೆ ಕೂರುವುದನ್ನು ನೋಡಲಾರೆ ಎಂದು ಹೇಳಬೇಕಿತ್ತು. ಅದನ್ನು ಬಿಟ್ಟು ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಸರಿ... ಬತ್ತೀನಿ," ಎಂದವನು ತಡವರಿಸಿ, "ಹೋಯ್ತೀನಿ" ಎಂದು ಸರಿಪಡಿಸಿಕೊಂಡ. ಅಪ್ಪನ ಕಾಲು ಮುಟ್ಟಿ ಹೊರಟುಹೋದ. ಅವಳ ಬೈಗುಳಕ್ಕೆ ಹೆದರದವನು "ಬರ್ಬೇಡಿ" ಎಂಬ ಮಾತನ್ನು ಮಾತ್ರ ನಿಜವೆಂದೇ ನಂಬಿಬಿಟ್ಟ.

ಒಂದು ಭಾನುವಾರ ಕಳೆಯಿತು. ಇನ್ನೊಂದು ಕಳೆಯಿತು. ಫೋನ್ ಕೈಗೆತ್ತಿಕೊಳ್ಳುವುದು, ಇಡುವುದು. ಏನೆಂದು ಕರೆಯುವುದು? ಪೆಟ್ಟಿಗೆಯ ಕೆಲಸ ಮುಗಿದಿತ್ತು. ಅಪ್ಪನ "ಊಂ" ಮತ್ತೆ ಬರುವುದಿಲ್ಲವೆಂದು ಅವಳಿಗೆ ತಿಳಿದುಹೋಗಿತ್ತು.

ಮೂರನೇ ಭಾನುವಾರ ರಂಗಲಕ್ಷ್ಮಮ್ಮ ಒಳಗಿನಿಂದ ಕರೆದರು. "ಏ ಗಂಗಮ್ಮ, ಇಲ್ ಬಾರೇ! ನಿಮ್ಮಪ್ಪ ಬಾಗ್ಲು ನೋಡ್ತಾ ಅವ್ನೆ."

ನಿಜ. ಮುಖ ಗೋಡೆ ಕಡೆಯಿಂದ ಬಾಗಿಲಿಗೆ ತಿರುಗಿತ್ತು.

"ಬಸ್ಸು ಬರೋ ಹೊತ್ತು ಕಣೇ ಇದು. ಹೋದ್ ವಾರಾನೂ ಹಿಂಗೇ ನೋಡ್ದ. ಗಡ್ಡ ಕೆರೆಯೋನು ಎಲ್ಲಿ ಅಂತ."

"ಸುಮ್ನಿರು ಅತ್ತೆ. ಬೆಳಕಿಗೆ ತಿರುಗಿರ್ತಾರೆ."

"ಆಯ್ತು, ಅವ್ನು ಬೆಳಕಿಗೆ ತಿರುಗ್ದ. ನೀನ್ಯಾಕೆ ಬೆಳಗಿಂದ ಹೊಸ್ಲು ಬುಟ್ಟು ಕದಲಿಲ್ಲ?"

ಶಿವಗಂಗಾ ತಲೆ ಬಾಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಹಿಂದೂಪುರದ ಅಂಗಡಿಯಲ್ಲಿ ಭೀಮೇಶ್ ಒಬ್ಬನೇ ಕುಳಿತಿದ್ದ. ಸುತ್ತ ಬಾಯಿ ತೆರೆದ ಪೆಟ್ಟಿಗೆಗಳು. ಅವಳನ್ನು ಕಂಡು ಎದ್ದು ನಿಂತವನ ಮುಖ ಬಿಳಿಚಿತು.

"ಮೇಷ್ಟ್ರಿಗೆ ಏನಾದ್ರೂ...?"

"ಇಲ್ಲ. ಹಂಗೇ ಅವ್ರೆ."

"ಮತ್ತೆ... ರೀಡು ಮುರೀತಾ?"

"ಇಲ್ಲ."

ಅವನು ಸ್ಟೂಲು ಒರೆಸಿ ಅವಳ ಮುಂದಿಟ್ಟ. ಕೊನೆಗೆ ಅವನೇ ಬಾಯಿಬಿಟ್ಟ. "ಒಂದ್ ಮಾತು ಹೇಳ್ಬೇಕು. ನೇಮ, ಕಸುಬು ಅಂದೆನಲ್ಲ, ಅದು ಅರ್ಧ ನಿಜ. ಅವತ್ತು ನೀವು ಹಂಗೆ ಕೂಗಿದ್ರಲ್ಲ... ಆಗ್ಲೇ ಮನಸು ಹೋಗ್ಬುಡ್ತು. ಕೇಳಿದ್ದಕ್ಕಿಂತ ಹೆಚ್ಚಿಗೆ ಏನಾದ್ರೂ ಮಾಡ್ಕೊಡ್ಬೇಕು ಅನ್ನಿಸ್ತು. ಆ ಆಸೇಲಿ ನಿಮ್ಮಪ್ಪನ್ನೇ ಕಿತ್ಕೊಂಡ್ಬುಟ್ಟೆ."

ಅವಳ ಕಣ್ಣು ತುಂಬಿ ಬಂತು. "ನಂಗೂ ಅವತ್ತು ಅದು ಇಂಪಾಗೇ ಕೇಳಿಸ್ತು ರೀ. ತಪ್ಪು ಒಬ್ರದ್ದಲ್ಲ."

"ನನ್ ಕೈಲಿ ಅದನ್ನ ವಾಪಸ್ ತರಕ್ಕಾಗಲ್ಲ ಗಂಗಾ."

"ಗೊತ್ತು."

"ಗೊತ್ತಿದ್ದೂ ಯಾಕ್ ಬಂದ್ರಿ?"

"ಬಸ್ಸು ಬರೋ ಹೊತ್ತಿಗೆ ಅಪ್ಪ ಬಾಗಿಲು ನೋಡ್ತಾರೆ. ನಿಮ್ಮನ್ನೇ ಅಂತಾರೆ ಅತ್ತೆ..." ಅವಳು ಕಣ್ಣೊರೆಸಿಕೊಂಡಳು. "ಬೆಳಕು ನೋಡ್ತಾರೋ, ಏನ್ ನೋಡ್ತಾರೋ, ನಂಗೊತ್ತಿಲ್ಲ. ಸುಳ್ಳು ಹೇಳಲ್ಲ. ನಾನ್ ಮಾತ್ರ ನೋಡೋದು ನಿಮ್ಮನ್ನೇ."

ಭೀಮೇಶ್ ಅವಳ ಕೈ ಹಿಡಿದುಕೊಂಡ. ಇಬ್ಬರೂ ಅತ್ತರು, ಅತ್ತದ್ದಕ್ಕೆ ನಾಚಿ ನಕ್ಕರು. ಆಮೇಲೆ ಅವನು ಅಂಗಡಿಯ ಬಾಗಿಲು ಎಳೆಯಲು ಹೊರಟವನು, ಅಭ್ಯಾಸದಂತೆ ಚೀಲ ತೂಗುಹಾಕಿದ್ದ ಮೊಳೆಯ ಕಡೆ ಕೈ ಚಾಚಿದ.

"ಸಾಮಾನಿನ ಚೀಲ ತಗಳ್ಲಾ?"

"ಬ್ಯಾಡ," ಎಂದಳು ಶಿವಗಂಗಾ. "ಬರೀ ಕೈಯಾಗೆ ಬನ್ನಿ."