ಹನ್ನೊಂದರ ಪಾನಾ

ಅಕ್ಟೋಬರ್ ಎರಡು, ದಸರೆಯ ದಿನ ಬೆಳಿಗ್ಗೆ 9:20ಕ್ಕೆ ಬೆಳಗಾವಿಯ ಫೌಂಡ್ರಿ ಮಾಲೀಕ ಗೌರೀಶ ಖಾನಾಪುರದ ಠಾಣೆಗೆ ಬಂದು ದೂರು ಕೊಟ್ಟ. ಅವನ ಅಪ್ಪನ ಕಾಲದ 1966ರ ಇಟಲಿ ಕಾರು ಅಂದೇ ಮುಂಜಾನೆ ಬೀಡಿ ಊರಿನ ರಸ್ತೆಯ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಮರಕ್ಕೆ ಬಡಿದಿತ್ತು. ಓಡಿಸುತ್ತಿದ್ದ ಗ್ಯಾರೇಜಿನ ಮೆಕ್ಯಾನಿಕ್ ಆಕಾಶ, ಇಪ್ಪತ್ತಾರು ವರ್ಷ, ಸ್ಥಳದಲ್ಲೇ ಸತ್ತಿದ್ದ. ದೂರಿನ ಮೊದಲ ನಾಲ್ಕು ಸಾಲು ಕಾರಿನ ಬಗ್ಗೆ. ಸತ್ತವನ ಹೆಸರು ಐದನೇ ಸಾಲಿನಲ್ಲಿ ಬಂತು.

"ಗ್ಯಾರೇಜಿನ ಬೀರಣ್ಣನ ಮ್ಯಾಲೆ ಕೇಸ್ ಹಾಕ್ರಿ. ಗಾಡಿ ಪೂರಾ ಬಿಚ್ಚಿ ಜೋಡಿಸಿದಾಂವ ಆಂವ. ಬ್ರೇಕ್ ಬರೋಬರಿ ಮಾಡಿಲ್ಲ."

"ಗಾಡಿ ಯಾಕ ಬಿಚ್ಚಿಸಿದ್ರಿ?" ಇನ್‌ಸ್ಪೆಕ್ಟರ್ ಪದ್ಮಶ್ರೀ ಕೇಳಿದರು.

"ಹಳೇ ಗಾಡಿಗಳ ರೇಸ್ ಇರ್ತಾವಲ್ರಿ, ಅದಕ್ಕ. ಇದು ದೂರದ ಪ್ರವಾಸಕ್ಕಂತ ಆರಾಮಶೀರ ಮಾಡಿದ ಗಾಡಿ. ಭಾರದ್ದೆಲ್ಲಾ ತಗಸಿ ಒಳಗ ಕಬ್ಬಿಣದ ಪಂಜರ ಕೂಡಿಸಿದ್ವಿ."

"ಇವತ್ತ ನೀವ ಓಡಿಸೂದಿತ್ತಂತ?"

"ಹೌದ್ರಿ. ದಸರಾದ ದಿನ ಮೊದಲ ನಾನ ಕೂಡೂದಿತ್ತು. ನೆಗಡಿ ಬಂದಿತ್ತು. ಆಕಾಶಗ ನೀ ಹೋಗಿ ಬಾ ಅಂದೆ."

ನಿರ್ಲಕ್ಷ್ಯದಿಂದ ಸಾವು ಎಂದು ಬೀರಣ್ಣನ ಮೇಲೆ ಎಫ್‌ಐಆರ್ ಆಯಿತು. ದುಡ್ಡಿದ್ದವನು ಬೆರಳು ತೋರಿಸಿದ ಕಡೆಗೆ ಕಾಗದ ಬೇಗ ಓಡುತ್ತದೆ.

11 ಗಂಟೆಗೆ ಸ್ಥಳ ಪಂಚನಾಮೆ. ಬ್ರೇಕ್ ಪೈಪಿನ ನಟ್ಟು ಒಂದೂವರೆ ಸುತ್ತು ಸಡಿಲವಿತ್ತು. ಅದರ ಮೂಲೆಗಳಲ್ಲಿ ಹೊಸ ಗೀರು. ಪದ್ಮಶ್ರೀ ಬೀರಣ್ಣನನ್ನು ಅಲ್ಲಿಗೇ ಕರೆಸಿ ಕೇಳಿದರು.

"ಬ್ರೇಕ್ ಕಡೀಕ ನೋಡಿದ್ದು ಯಾವಾಗ?"

"ಮೊನ್ನೆ ಸಂಜಿಗ್ರಿ. ನಟ್ಟು ಗಚ್ಚಿ ಬಿಗಿದಿತ್ತು. ನಿನ್ನೆ ಖಂಡೇಪೂಜಿ. ಸಾಮಾನೆಲ್ಲಾ ಪೂಜಿಗೆ ಇಟ್ಟೀವಿ. ಇವತ್ತ ಬನ್ನಿ ಕೊಡೂತನಕ ಒಂದ ಸ್ಕ್ರೂಡ್ರೈವರ್ ಸುದ್ದಾ ಮುಟ್ಟೂದಿಲ್ರಿ."

"ನೀ ಮುಟ್ಟೂದಿಲ್ಲ. ಯಾರೋ ಮುಟ್ಟ್ಯಾರ."

ಮಧ್ಯಾಹ್ನ 2:10ಕ್ಕೆ ಅವನನ್ನು ಕರೆದುಕೊಂಡೇ ವಡಗಾವಿಯ ಗ್ಯಾರೇಜಿಗೆ ಹೋದರು. ಚಾಪೆಯ ಮೇಲೆ ಸುತ್ತಿಗೆ, ಇಕ್ಕಳ, ನಟ್ಟು ತಿರುವುವ ಪಾನಾಗಳು ಸಾಲಾಗಿದ್ದವು. ಎಲ್ಲದರ ಮೇಲೂ ಅರಿಸಿನದ ಭಂಡಾರ. ಕಾನ್‌ಸ್ಟೇಬಲ್ ಕಲ್ಮೇಶ ಕುಕ್ಕರಗಾಲಲ್ಲಿ ಕೂತು ಒಂದೊಂದೇ ನೋಡುತ್ತ ಬಂದ.

"ಮೇಡಂ, ಈ ಹನ್ನೊಂದರ ಪಾನಾ ನೋಡ್ರಿ. ಭಂಡಾರ ಇಲ್ಲ. ಮೂರು ಪಟ್ಟಿ ಇಬತ್ತಿ ಐತಿ."

"ಅದಕ್ಕೇನಾತು?"

"ಬೀರಣ್ಣ ಬೀರದೇವರ ಒಕ್ಕಲ, ನಾನೂ ಅದ. ನಾವು ಭಂಡಾರ ಹಚ್ಚಾವ್ರು. ಇಂಥಾ ಪಟ್ಟಿ ಎಳಿಯೂದು ನಮ್ಮ ಕೈ ಅಲ್ರಿ. ದಿನಾ ಹಣಿಗೆ ಎಳಕೊಳ್ಳೋ ಕೈ."

ಆ ಪಾನಾ, ಹನ್ನೊಂದು ಮಿಲಿಮೀಟರಿನದು, ಬ್ರೇಕ್ ನಟ್ಟಿನ ಅಳತೆಗೇ ಸರಿಯಾಗಿತ್ತು. ಪಂಚರ ಮುಂದೆ ಜಪ್ತಿ ಮಾಡಿ ಬೆರಳಚ್ಚಿಗೆ ಕಳಿಸಿದರು.

"ಪೂಜಿ ಆದಮ್ಯಾಲ ಒಳಗ ಯಾರಿದ್ರು, ಬೀರಣ್ಣ?"

"ದುಂಡಪ್ಪ ಕಾಕಾ ಒಬ್ಬನ. ಗೌರೀಶ ಸಾಹುಕಾರ್ರ ಮನಿ ಡ್ರೈವರ್ರಿ. ಆ ಗಾಡಿ ಮೂವತ್ತ ವರ್ಷ ಓಡಿಸ್ಯಾನ. ನಾವು ಹಿಂದ ಹೋಳಿಗಿ ಉಣ್ಣಾಕ ಕುಂತಿದ್ವಿ."

ಸಂಜೆ 5:40ಕ್ಕೆ ದುಂಡಪ್ಪನನ್ನು ಠಾಣೆಗೆ ತಂದರು. ಅರವತ್ತೆಂಟು ವಯಸ್ಸು. ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ.

"ಕುಂದರ್ರಿ ಅಜ್ಜಾರ. ಪಾನಾ ಯಾಕ ತೊಗೊಂಡ್ರಿ?"

"ನಾ ಯಾಕ ತೊಗೊಳ್ಳಲಿ?"

"ತಿರುವೂಮುಂದ ಭಂಡಾರ ಅಳಿಸಿತು. ಬರೇ ಇಡಾಕ ನಿಮಗ ಮನಸಾಗ್ಲಿಲ್ಲ. ಇಬತ್ತಿ ಎಳದ್ರಿ."

ಮುದುಕ ಹಣೆ ಮುಟ್ಟಿಕೊಂಡ. "ಪೂಜಿ ಸಾಮಾನ್ರಿ ಅದು. ಹಂಗ ಹ್ಯಾಂಗ ಇಡೂದು?"

"ಗಾಡೀ ಮ್ಯಾಲೆ ಏನ್ ಸಿಟ್ಟು?"

"ಗಾಡೀ ಮ್ಯಾಲಲ್ರಿ. ತೊಂಬತ್ನಾಕರಾಗ ನನ್ನ ಹೆಂಡ್ತಿ ಕಾಂತಾಗ ಬ್ಯಾನಿ ಎದ್ದಿತ್ತು. ದೊಡ್ಡ ಸಾಹುಕಾರ, ಗೌರೀಶಪ್ಪನ ಅಪ್ಪ, ಗಾಡಿ ಕೀಲಿ ಕೊಟ್ರು. ಬೀಡಿಯಿಂದ ಬೆಳಗಾವಿಗೆ ಹೊಂಟಿದ್ದೆ. ದವಾಖಾನಿ ಮುಟ್ಟಲಿಲ್ಲ. ನನ್ನ ಬಾಜೂ ಸೀಟಿನ್ಯಾಗ ಹೋದ್ಳು, ಕೂಸೂ ಹೋತು. ಈಗ ಆ ಸೀಟ್ ಬಿಚ್ಚತಾರ ಅಂದ್ರು. ಅದೊಂದ ಕೊಡ್ರಿ ಅಂತ ಗೌರೀಶಪ್ಪಗ ಕೇಳಿದೆ. ನಕ್ಕಾ. ಹರಕ ಸೀಟ್ ಯಾಕ, ಸೋಫಾ ಕೊಡಸ್ತೀನಿ ತಗೋ ಅಂದಾ. ಗುಜರಿಗೆ ಹಾಕಿಸಿದಾ."

"ಅಂವಾ ಕೂಡ್ತಾನಂತ ನಟ್ ಸಡ್ಲ ಮಾಡಿದ್ರಿ. ಕೂತಾಂವ ಆಕಾಶ."



ಮರುದಿನ 12:15ಕ್ಕೆ ಬೆರಳಚ್ಚು ಹೊಂದಿತು. ಕಲಂ ಕೊಲೆಗೆ ಬದಲಾಯಿತು. ದುಂಡಪ್ಪನ ಬಂಧನ ದಾಖಲಾಯಿತು. ಗೌರೀಶ ಫೋನ್ ಮಾಡಿ, ಡಿಸೆಂಬರಿನಲ್ಲಿ ರೇಸಿದೆ, ಗಾಡಿ ಯಾವಾಗ ಬಿಡುತ್ತೀರಿ ಎಂದು ಕೇಳಿದ. ಪದ್ಮಶ್ರೀ ಫೋನ್ ಇಟ್ಟರು.

ಬೀರಣ್ಣನನ್ನು ಮನೆಗೆ ಕಳಿಸಿದರು. ಹೋಗುವಾಗ ಅವನು ದುಂಡಪ್ಪನ ಮುಂದೆ ನಿಂತ. ಬೈಯುತ್ತಾನೆಂದು ಕಲ್ಮೇಶ ಹತ್ತಿರ ಸರಿದ.

"ಕಾಕಾ, ಆ ಸೀಟ್ ಬಿಚ್ಚಿದಾಂವ ನಾನು. ಗುಜರಿಗೆ ಹೋಗೂಕಿಂತ ಮೊದಲ ಎಂಟ ದಿನ ಗ್ಯಾರೇಜಿನ ಮೂಲ್ಯಾಗ ಬಿದ್ದಿತ್ತು. ನನ್ನ ಕೇಳಿದ್ರ ಕೊಟ್ಟಬಿಡ್ತಿದ್ನಲ್ಲ."