ಬೇಡ ಎನ್ನಲು ಮೂರು ದಿನ

ಗೋಡೆಯ ಮೇಲೆ ಹತ್ತು ಸಾವಿರ ಪುಟ್ಟ ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ಒಂದೊಂದು ದೀಪವೂ ಒಬ್ಬೊಬ್ಬ ಮನುಷ್ಯ. ನಿಜವಾದವರಲ್ಲ, 'ಮುಂಗಾಣಿ' ಎಂಬ ಯಂತ್ರ ತನ್ನೊಳಗೆ ಹುಟ್ಟಿಸಿಕೊಂಡವರು. ಅವರಿಗೂ ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ, ಅವಸರದಲ್ಲಿ ತಪ್ಪು ಗುಂಡಿ ಒತ್ತುತ್ತಾರೆ. ಒಂದು ತಂತ್ರಾಂಶವನ್ನು ಅವರ ಮುಂದಿಟ್ಟರೆ, ಇಪ್ಪತ್ತು ವರ್ಷ ಅದರ ಜೊತೆ ಅವರು ಹೇಗೆ ಏಗುತ್ತಾರೆ ಎಂಬುದನ್ನು ಮುಂಗಾಣಿ ನಲವತ್ತು ನಿಮಿಷದಲ್ಲಿ ಓಡಿಸಿ ತೋರಿಸುತ್ತದೆ. ಸಾಕಪ್ಪಾ ಇದರ ಸಹವಾಸ ಎಂದು ಯಾರು ಕೈಬಿಟ್ಟರೂ ಅವರ ದೀಪ ಆರುತ್ತದೆ.

೨೦೬೧ರ ಆ ಬೆಳಿಗ್ಗೆ ಹುಬ್ಬಳ್ಳಿಯ ಸಭಾಂಗಣದಲ್ಲಿ ದೀಪಗಳು ಆರತೊಡಗಿದಾಗ, ಯಂತ್ರವನ್ನು ಕಟ್ಟಿದ ವಿಜ್ಞಾನಿ ನೀಲಗಂಗಾ ಹುಕ್ಕೇರಿ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಶ್ರೀಪಾದ ಗಲಗಲಿಯ ಮುಖವನ್ನು ನೋಡುತ್ತಿದ್ದಳು. ಆ ಮುಖ ಬಾಡುವುದನ್ನು ಕಣ್ಣಾರೆ ನೋಡಲೆಂದೇ ಇಪ್ಪತ್ತು ವರ್ಷ ಕಾದಿದ್ದಳು. ಈಗ ಹೊಟ್ಟೆ ತಣ್ಣಗಾಯಿತು.

ಪರೀಕ್ಷೆಗೆ ಇಟ್ಟಿದ್ದು ಗಲಗಲಿ ಬರೆದ 'ಮಿಂಚು' ಎಂಬ ಲೈಬ್ರರಿ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಖಾಲಿ ಚೌಕ ಇವನ್ನೆಲ್ಲ ಮೂಡಿಸಲು ಮೊದಲೇ ಬರೆದಿಟ್ಟ ಕೋಡಿನ ಕಂತೆ. ಹದಿನಾಲ್ಕು ಜಿಲ್ಲೆಗಳ ಆಸ್ಪತ್ರೆಗಳು ಒಕ್ಕೂಟ ಮಾಡಿಕೊಂಡು ಒಂದೇ ತಂತ್ರಾಂಶ ನಡೆಸುತ್ತಿದ್ದವು. ಸರದಿ ಚೀಟಿ, ರಕ್ತದ ವರದಿ, ಔಷಧಿಯ ಹೊತ್ತು, ಎಲ್ಲ ಅದರಲ್ಲೇ. ಒಬ್ಬೊಬ್ಬರು ಒಂದೊಂದು ಲೈಬ್ರರಿ ಹಿಡಿದರೆ ಕಲಸುಮೇಲೋಗರವಾಗುತ್ತದೆಂದು, ಎಲ್ಲರೂ ಒಂದನ್ನೇ ಬಳಸಬೇಕು, ಒಮ್ಮೆ ಆರಿಸಿದ್ದನ್ನು ಇಪ್ಪತ್ತು ವರ್ಷ ಬದಲಿಸಕೂಡದು ಎಂದು ನಿಯಮ ಮಾಡಿದ್ದರು.

ಆರಿಸುವ ರೀತಿಯೂ ಅವರದೇ. ಮತ ಹಾಕುವ ಗೋಜಿಲ್ಲ. ಪ್ರಸ್ತಾಪವನ್ನು ಒಕ್ಕೂಟದ ಅಂತರ್ಜಾಲ ಫಲಕದಲ್ಲಿ ಹಾಕುವುದು. ಮೂರು ದಿನದೊಳಗೆ ಸದಸ್ಯರಲ್ಲಿ ಒಬ್ಬರಾದರೂ 'ಬೇಡ' ಎಂದು ಬರೆದರೆ ಅದು ಬಿದ್ದುಹೋಯಿತು, ತಿದ್ದಿಕೊಂಡು ಆರು ತಿಂಗಳ ಮೇಲೆ ಮತ್ತೆ ತರಬೇಕು. ಯಾರೂ ಬರೆಯದಿದ್ದರೆ ಎಲ್ಲರಿಗೂ ಒಪ್ಪಿಗೆ ಎಂದೇ ಲೆಕ್ಕ. ಕೆಲಸಗೇಡಿ ಸಭೆಗಳು ತಪ್ಪಲಿ ಎಂದು ಮಾಡಿಕೊಂಡ ಏರ್ಪಾಡು. ಎಷ್ಟು ಚೆಂದದ ಏರ್ಪಾಡು ನೋಡಿ.

೨೦೪೧ರಲ್ಲಿ, ಗಲಗಲಿಯಂತೆ ತಾನೂ ಒಕ್ಕೂಟದ ಸದಸ್ಯೆಯಾಗಿದ್ದ ನೀಲಗಂಗಾ 'ಹೆಜ್ಜೆ' ಎಂಬ ಲೈಬ್ರರಿ ಬರೆದಿದ್ದಳು. ಅವಳ ತಾಯಿ ಗೌರವ್ವ ಹೊಲಿಗೆಯವಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಟ್ಟಿಯಾಗಿತ್ತು, ವಯಸ್ಸಿಗೆ ಕೈ ನಡುಗುತ್ತಿತ್ತು. ಪರದೆಯನ್ನು ಒತ್ತಿದರೆ ಒತ್ತಿಕೊಂಡೇ ಇರುತ್ತಿದ್ದಳು. ಆ ಬೆರಳಿಗೆಂದೇ ಹೆಜ್ಜೆ ಹುಟ್ಟಿದ್ದು. ಅದರ ಗುಂಡಿಗಳು ದೊಡ್ಡವು, ತಾಳ್ಮೆಯಿಂದ ಕಾಯುವಂಥವು. ಒಕ್ಕೂಟದ ಎಲ್ಲರಿಗೂ ಹಿಡಿಸಿತ್ತು, ಫಲಕಕ್ಕೆ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಗೌರವ್ವ ತೀರಿಕೊಂಡಳು. ಅಂದು ಸಂಜೆ ಗಲಗಲಿ ಬಂದು ಹೆಣದ ಮುಂದೆ ನಿಂತು ಕಣ್ಣೊರೆಸಿಕೊಂಡ. ನೆಟ್ಟಗೆ ಮನೆಗೆ ಹೋಗಿ ಮಿಂಚಿನ ಪ್ರಸ್ತಾಪವನ್ನು ಫಲಕಕ್ಕೆ ಹಾಕಿದ. ಮಣ್ಣು ಮಾಡಿ, ಮೂರು ದಿನದ ಕಾರ್ಯ ಮುಗಿಸಿ ನೀಲಗಂಗಾ ಫಲಕ ತೆರೆದಾಗ, ಬೇಡ ಎನ್ನುವ ಗೋಜಿಗೆ ಯಾರೂ ಹೋಗದೆ ಅವಧಿ ಮುಗಿದು 'ಯಾರ ಆಕ್ಷೇಪವೂ ಇಲ್ಲ' ಎಂದು ಬರೆದಿತ್ತು.

ಇಂಥದ್ದನ್ನು ಮರೆಯಬೇಕು ಎನ್ನುವವರು ದೊಡ್ಡ ಮನಸ್ಸಿನವರು. ನೀಲಗಂಗಾ ಅಂಥವಳಲ್ಲ, ಆ ಮಾತಿಗೆ ನಾನೂ ಅಂಥವನಲ್ಲ. ಅವಳು ಮುಂಗಾಣಿಯನ್ನು ಕಟ್ಟಿದಳು. ಮೊದಲ ಸಾಲಿನ ಎಡತುದಿಯ ದೀಪಕ್ಕೆ ತಾಯಿಯ ಕಣ್ಣು, ತಾಯಿಯ ಬೆರಳು, ತಾಯಿಯ ನಡುಕ ಕೊಟ್ಟಳು.

ಮಿಂಚಿನ ಗುಂಡಿಗಳು ಸರಕ್ಕನೆ ಬಂದು ಸರಕ್ಕನೆ ಮಾಯವಾಗುತ್ತಿದ್ದವು. ಎರಡನೆಯ ವರ್ಷಕ್ಕೇ ಎಡತುದಿಯ ದೀಪ ಆರಿತು. ಕೊನೆಗೆ ಗೋಡೆಯ ಕಾಲುಭಾಗ ಕತ್ತಲಾಯಿತು. ನೀಲಗಂಗಾ ಆ ಮೂಲೆಗೆ ಬೆರಳು ಮಾಡಿದಳು.

"ಅದು ನಮ್ಮವ್ವನ ದೀಪ, ಗಲಗಲಿಯವ್ರೇ. ಅವತ್ತು ಬಂದು ನೋಡಿ ಹೋಗಿದ್ರಲ್ಲ, ಆಕೀದು."

ಗಲಗಲಿ ಕನ್ನಡಕ ತೆಗೆದು ಒರೆಸಿಕೊಂಡ. ಮಿಂಚಿನ ಇಪ್ಪತ್ತು ವರ್ಷದ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮತ್ತೆ ತರುವ ಮಾತನ್ನು ಯಾರೂ ಎತ್ತಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಗಲಗಲಿಯ ಮಗಳ ಮದುವೆಯ ಕರೆಯೋಲೆ ನೀಲಗಂಗಾಳ ಮನೆಗೂ ಬಂದಿತ್ತು. ಗುರುವಾರ ಅರಿಸಿನ, ಶುಕ್ರವಾರ ಮದುವೆ, ಶನಿವಾರ ಬೀಗರ ಊಟ. ಬುಧವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಅವಳು ಹೆಜ್ಜೆಯ ಪ್ರಸ್ತಾಪವನ್ನು ಫಲಕಕ್ಕೆ ಹಾಕಿದಳು. ಮುಂಗಾಣಿಯಲ್ಲಿ ಓಡಿಸಿ ನೋಡಲಿಲ್ಲ. ತಾಯಿಯ ಬೆರಳಿಗೆ ಅಳತೆ ಕೊಟ್ಟು ಹೊಲಿದದ್ದಕ್ಕೆ ಪರೀಕ್ಷೆ ಯಾಕೆ ಎಂಬ ಸೊಕ್ಕು.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಗೆಲುವನ್ನು ಕಣ್ಣುತುಂಬ ನೋಡೋಣವೆಂದು ಹೆಜ್ಜೆಯನ್ನು ಓಡಿಸಿದಳು. ಎಡತುದಿಯ ದೀಪ ಮೊದಲ ತಿಂಗಳಲ್ಲೇ ಆರಿತು.

ಯಂತ್ರ ಕೆಟ್ಟಿರಬೇಕೆಂದು ಅಲ್ಲಿಗೇ ನಿಲ್ಲಿಸಿ ಮತ್ತೊಮ್ಮೆ ಓಡಿಸಿದಳು. ಮತ್ತೆ ಆರಿತು. ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಜ್ಜೆ ಬರೆದ ಕಾಲದಲ್ಲಿ ಪರದೆಯನ್ನು ಮುಟ್ಟಲೇಬೇಕಿತ್ತು. ಈಗಿನ ಪರದೆಗೆ ದೂರದಿಂದ ಕೈ ತೋರಿಸಿದರೆ ಸಾಕು. ಗಾಳಿಯಲ್ಲಿ ಎತ್ತಿದ ಕೈಯ ಒಂದೊಂದು ನಡುಕವನ್ನೂ ಹೆಜ್ಜೆ ಒಂದೊಂದು ಒತ್ತು ಎಂದು ತಿಳಿಯುತ್ತಿತ್ತು. ಚೀಟಿ ಕೊಡುತ್ತಿತ್ತು, ರದ್ದು ಮಾಡುತ್ತಿತ್ತು, ಮತ್ತೆ ಕೊಡುತ್ತಿತ್ತು. ನಲವತ್ತು ನಿಮಿಷ ಮುಗಿದಾಗ ಗೋಡೆಯ ಅರ್ಧ ಆರಿಹೋಗಿತ್ತು. ಮಿಂಚೇ ವಾಸಿ ಎನ್ನಬೇಕು.

ಮುಂಗಾಣಿ ಒಕ್ಕೂಟದ ಎಲ್ಲ ಸದಸ್ಯರಿಗೂ ತೆರೆದಿತ್ತು. ಯಾರು ಯಾವಾಗ ಏನನ್ನು ಓಡಿಸಿದರೆಂದು ಅದರಲ್ಲಿ ದಾಖಲೆ ಇರುತ್ತದೆ. ನೀಲಗಂಗಾ ಅಲ್ಲಿ ಕಣ್ಣಾಡಿಸಿದಳು. ಗುರುವಾರವೇ ಧಾರವಾಡದಿಂದ ಒಬ್ಬರು ಹೆಜ್ಜೆಯನ್ನು ಓಡಿಸಿದ್ದರು. ಶ್ರೀಪಾದ ಗಲಗಲಿ. ಅವಳು ಫೋನ್ ಮಾಡಿದಳು. ಆ ಕಡೆ ಪಂಕ್ತಿಯಲ್ಲಿ ಬಡಿಸುವವರ ಗದ್ದಲ ಕೇಳುತ್ತಿತ್ತು.

"ಗುರುವಾರನ ಓಡಿಸಿ ನೋಡೀರಲ್ಲ. ಮತ್ತ ಬ್ಯಾಡ ಅಂತ ಯಾಕ ಬರೀಲಿಲ್ಲ?"

"ಬರೀಲಿಕ್ಕೇ ಕೂತಿದ್ದೆ," ಎಂದ ಗಲಗಲಿ. "ಆಮ್ಯಾಲ ಅನಿಸ್ತು, ಇಪ್ಪತ್ತು ವರ್ಷ ಜನಾ ನಿಮ್ಮ ಹೆಸರು ಹಿಡದು ಬೈಲಿ ಅಂತ. ಇನ್ನೂ ಒಂದು ತಾಸು ಅದ. ಬೇಕಾದ್ರ ನೀವ ಬರೀರಿ."

ಫೋನ್ ಇಟ್ಟು ನೀಲಗಂಗಾ ಫಲಕ ತೆರೆದಳು. 'ಬೇಡ' ಎಂದು ಬರೆದಳು. ಆರು ತಿಂಗಳಿದ್ದರೆ ಹೆಜ್ಜೆಯನ್ನು ತಿದ್ದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕಳಿಸಿದ ಕೂಡಲೇ ಗಲಗಲಿ ಅದನ್ನು ಊಟದೆಲೆಯ ಮುಂದೆ ಕೂತು ಓದುತ್ತಾನೆ, ಬೀಗರಿಗೂ ತೋರಿಸಿ ನಗುತ್ತಾನೆ. ಆ ನಗು ಅವಳ ಕಣ್ಣಿಗೆ ಕಟ್ಟಿತು. ಗೋಡೆಯ ಎಡತುದಿಯನ್ನು ಒಮ್ಮೆ ನೋಡಿದಳು. ಬರೆದದ್ದನ್ನು ಅಳಿಸಿದಳು. ಅವ್ವನ ದೀಪಕ್ಕಿಂತ ಅವನ ನಗು ದೊಡ್ಡದಾಯಿತು, ಏನು ಹೇಳೋಣ.

ನಾಲ್ಕು ಗಂಟೆಗೆ ಫಲಕದ ಮೇಲೆ 'ಯಾರ ಆಕ್ಷೇಪವೂ ಇಲ್ಲ' ಎಂದು ಮೂಡಿತು.

ತಿಂಗಳು ಕಳೆದ ಮೇಲೆ ಒಂದು ಜಿಲ್ಲಾಸ್ಪತ್ರೆಯ ಪರದೆಯ ಮುಂದೆ ಮುದುಕಿಯೊಬ್ಬಳು ಕೈ ಎತ್ತಿದಳು. ಒಂಬತ್ತು ಚೀಟಿ ಬಂದವು, ಒಂಬತ್ತೂ ರದ್ದಾದವು. ಹಿಂದಿದ್ದವರು ಗೊಣಗಿದರು. "ನನ್ನ ಕೈನ ನೆಟ್ಟಗಿಲ್ಲ ಬಿಡ್ರಿ, ತಪ್ಪಾತು," ಎಂದು ಅವಳು ಎಲ್ಲರ ಕ್ಷಮೆ ಕೇಳಿ, ರಕ್ತದ ವರದಿ ಪಡೆಯದೆ ಮನೆಗೆ ಹೋದಳು.

ಇದಿನ್ನೂ ನಡೆದಿಲ್ಲ. ಮುಂಗಾಣಿ ಇನ್ನೂ ಹುಟ್ಟಿಲ್ಲ. ಆದರೆ ಯಾವುದೋ ಪರದೆಯ ಮುಂದೆ ನಿಂತು, ಗುಂಡಿ ಸಿಗದೆ, ನನಗೇ ತಿಳಿಯುವುದಿಲ್ಲ ಎಂದು ನೀವು ಮೊನ್ನೆ ತಾನೇ ನಿಮ್ಮನ್ನು ಬೈದುಕೊಂಡಿರಿ. ಆ ಗುಂಡಿಯನ್ನೂ ಯಾರೋ ಕೂತು ಆರಿಸಿದ್ದಾರೆ. ಆರಿಸುವಾಗ ಅವರ ಕಣ್ಣು ನಿಮ್ಮ ಮೇಲಿತ್ತೋ, ಎದುರಿಗೆ ಕೂತವನ ಮುಖದ ಮೇಲಿತ್ತೋ, ಒಮ್ಮೆ ಕೇಳಿ ನೋಡಿ.