ಟ್ರೇಲರ್ ಕೆಳಗಿನ ಮಿಂಚುಳ್ಳಿ

ಮಳವಳ್ಳಿಯ ಪುಟ್ಟರಾಜಣ್ಣನ ಶೆಡ್ಡಿನಲ್ಲಿ ಕಬ್ಬಿನ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುವವನು ನಾನು, ಯತೀಶ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಈ ತಗಡಿನ ಬಾಗಿಲೊಳಗೆ ಬಂದವನು ಇನ್ನೂ ಆಚೆಗೆ ಹೋಗಿಲ್ಲ. ಮದ್ದೂರು ಕಡೆಯವರೂ ಹಿಂದಿನ ಡೋರಿಗೆ ಯತೀಶನೇ ನವಿಲು ಬರೀಬೇಕು ಅಂತಿದ್ದರು. ಅದೊಂದು ಮಾತಿನ ಮೇಲೆ ಬದುಕಿದ್ದೆ.

ಅವತ್ತು ತಳಕ್ಕೆ ಕಪ್ಪು ಹೊಡೆಯೋಕೆ ಟ್ರೇಲರ್ ಕೆಳಗೆ ನುಸುಳಿದೆ. ಮೂಗಿನಿಂದ ಗೇಣು ಮೇಲೆ, ತುಕ್ಕು ಹಿಡಿದ ತಗಡಿನಲ್ಲಿ, ಯಾರೋ ಬರೆದ ಒಂದು ನೀಲಿ ಮಿಂಚುಳ್ಳಿ. ಹಾರಲೋ ಬೇಡವೋ ಅಂತ ಕತ್ತು ಓರೆ ಮಾಡಿ ಕೂತಿತ್ತು. ಅದರ ಮುಂದೆ ನನ್ನ ನವಿಲುಗಳು ಬರೀ ಬಣ್ಣ.

ಪುಟ್ಟರಾಜಣ್ಣನ ಮಗಳು ನಾಗಶ್ರೀಯ ಕೈ ಅದು. ಅವಳ ಉಗುರ ಸಂದಿಯಲ್ಲಿ ಅದೇ ನೀಲಿ ನೋಡಿದ್ದೆ. ಗಿರಾಕಿಗಳೆದುರು ಹೆಣ್ಣುಮಗಳು ಬ್ರಶ್ ಹಿಡೀಬಾರದು ಅಂತ ಅವಳಪ್ಪ ಬಣ್ಣ ಕಲೆಸೋಕೆ ಮಾತ್ರ ಕೂರಿಸಿದ್ದ. ಡಬ್ಬ ಕೊಡುವಾಗ ರೆಪ್ಪೆ ಎತ್ತಿ ಒಂದು ಸಲ ನನ್ನ ನೋಡುತ್ತಿದ್ದಳು. ಇಡೀ ದಿನಕ್ಕೆ ಅಷ್ಟು ಸಾಕಾಗುತ್ತಿತ್ತು ನನಗೆ.

ಆದರೂ ಹೊಟ್ಟೆ ಉರಿಯಿತು. ಎರಡೇ ಎಳೆತಕ್ಕೆ ಹಕ್ಕಿಯನ್ನು ಮುಚ್ಚಿಬಿಟ್ಟೆ.

ಮಾರನೇ ದಿನ ಅವಳು ಬಗ್ಗಿ ನೋಡಿದಳು. ಬೈತಾಳೆ ಅಂತ ಕಾದೆ. ಸುಮ್ಮನೆ ಬ್ರಶ್ ತೊಳೆಯುತ್ತಾ ಕೂತಳು. ಆ ನೆಮ್ಮದಿ ಕಂಡು ಇನ್ನೂ ಸಿಟ್ಟು ಬಂತು. ಪುಟ್ಟರಾಜಣ್ಣ ಟೀಗೆ ಹೋದಾಗ ಕೇಳೇಬಿಟ್ಟೆ, ಯಾರೂ ನೋಡದ ಜಾಗದಲ್ಲಿ ಯಾಕೆ ಬರೀತೀಯ ಅಂತ.

“ಬರೆಯೋವಾಗ ನನ್ ಪಾಲ್ಗೆ ಈ ಶೆಡ್ಡೇ ಇರಾಕಿಲ್ಲ ಕಣೋ. ಆಮ್ಯಾಲೆ ಕೆಸರು ಮೆತ್ತುದ್ರೂ ಒಂದೆಯಾ, ನೀನು ಕಪ್ಪು ಬಳುದ್ರೂ ಒಂದೆಯಾ.”

“ಕೆಲ್ಸ ಅಂತ ಬಳೀನಿಲ್ಲ ಕಣೆ, ಹೊಟ್ಟೆಕಿಚ್ಚಿಗೆ ಬಳ್ದೆ.” ಡಬ್ಬದ ಮುಚ್ಚಳ ನೋಡುತ್ತಾ ಅಂದೆ. “ನಿನ್ನ ಕಂಡ್ರೆ ಇಷ್ಟ. ನಿನ್ನ ಕೈ ಕಂಡ್ರೆ ಆಗಲ್ಲ.”

“ಚೆಂದಾಗದೆ ಕಣಪ್ಪ ನಿನ್ ಪ್ರೀತಿ.” ತುಟಿ ಕಚ್ಚಿ ನಗು ತಡೆದಳು. ಬ್ರಶ್ ನನ್ನ ಕೈಗಿಟ್ಟು, ಪಕ್ಕದ ಟ್ರೇಲರ್ ಕೆಳಗೆ ತಾನೇ ಮೊದಲು ನುಸುಳಿದಳು.

ಪಕ್ಕಪಕ್ಕದಲ್ಲಿ ಮಲಗಿದೆವು. ತಲೆ ಎತ್ತೋಕೂ ಜಾಗ ಇಲ್ಲ. ಅವಳ ಉಸಿರು ಕಿವಿಗೆ ತಾಗುತ್ತಿತ್ತು. ಆದರೆ ಬರೆಯೋಕೆ ಕೈ ಏಳಲಿಲ್ಲ. ಭೇಷ್ ಅನ್ನೋರು ಇಲ್ಲದೆ ಒಂದು ಗೆರೆಯನ್ನೂ ಎಳೆದು ಗೊತ್ತಿಲ್ಲ ಅದಕ್ಕೆ. ನಿನಗೋಸ್ಕರ ಬರೀತೀನಿ ಅಂದೆ.

“ನಂಗೋಸ್ಕರಾನೂ ಬ್ಯಾಡ,” ಅಂದು ಕಣ್ಣು ಮುಚ್ಚಿಕೊಂಡಳು. ನನ್ನ ಎಡಗೈ ಮಾತ್ರ ಹಿಡಿದುಕೊಂಡಳು.

ಪುಟ್ಟರಾಜಣ್ಣನ ಚಪ್ಪಲಿ ಸದ್ದು ಹತ್ತಿರ ಬಂತು. ನನ್ನ ಹೆಸರು ಕೂಗಿದ, ಆಮೇಲೆ ಅವಳ ಹೆಸರು. ಅವಳು ಕೈ ಬಿಡಲಿಲ್ಲ, ನಾನು ಓಗೊಡಲಿಲ್ಲ.

ಬಲಗೈಯಲ್ಲಿ ಬರೆದೆ. ಏನು ಅಂತ ನಿಮಗೂ ಹೇಳಲ್ಲ.